ಹೆಚ್ಚು ಹೊತ್ತಿನ ದುಡಿಮೆಗೆ ಎಷ್ಟು ಪಗಾರ?

ಹೋದ ತಿಂಗಳು ಪಗಾರದ ಮರುದಿನ ವಿಜಯಪುರದ ಕಡೆಯ ತರುಣರೊಬ್ಬರು ಬಿಬವೇವಾಡಿಯ ನಮ್ಮ ವಾಚನಾಲಯಕ್ಕೆ ಬಂದು ಪಗಾರದ ಚೀಟಿ ತೋರಿಸಿದರು. ಆರು ದಿನದ ಪಾಳಿ ಮುಗಿಸಿ ಎರಡು ರವಿವಾರವೂ ಪೂರ್ಣ ದುಡಿದಿದ್ದರು. ಬದಲಿ ಸೂಟಿ ಸಿಕ್ಕಿರಲಿಲ್ಲ. ಚೀಟಿಯಲ್ಲಿ ಸಾದಾ ದರವೇ ಇತ್ತು. "ಇದು ಸರಿಯೇನಣ್ಣಾ?" ಎಂದು ಕೇಳಿದರು. ಗಿರಣಿಯಲ್ಲಿ ಪಗಾರದ ಪಟ್ಟಿ ಬರೆಯುವುದೇ ನನ್ನ ಉದ್ಯೋಗವಾದುದರಿಂದ, ಅವರಿಗೆ ಹೇಳಿದ್ದನ್ನು ಎಲ್ಲ ಬಂಧುಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ 1948ರ ಕಾರ್ಖಾನೆ ಕಾಯಿದೆಯು ದುಪ್ಪಟ್ಟು ವೇತನ ಗೊತ್ತುಪಡಿಸಿತ್ತು. ಅದರ ಸ್ಥಾನದಲ್ಲಿ 2020ರ ಹೊಸ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ದುಪ್ಪಟ್ಟು ದರ ಹಾಗೆಯೇ ಉಳಿದಿದೆ. ದಿನದ ಲೆಕ್ಕ, ವಾರದ ಲೆಕ್ಕ ಎರಡರಲ್ಲಿ ಕೆಲಸಗಾರನಿಗೆ ಯಾವುದು ಲಾಭವೋ ಅದನ್ನೇ ಹಿಡಿಯಬೇಕು. ಅವನ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕೆಲಸಗಾರ ಎಂಬ ಮಾತಿನಲ್ಲಿ ಕಾರಕೂನರೂ ಸೇರಿದ್ದಾರೆ.

ರವಿವಾರದ ಕೆಲಸಕ್ಕೆಲ್ಲ ದುಪ್ಪಟ್ಟು ಬರುತ್ತದೆಂದು ಹಲವರ ತಿಳಿವಳಿಕೆ. ಅದು ತಪ್ಪು. ರವಿವಾರ ದುಡಿಸಿಕೊಂಡು ಅದೇ ವಾರ ಬೇರೊಂದು ದಿನ ಸೂಟಿ ಕೊಟ್ಟರೆ, ಗಂಟೆಗಳು 48ನ್ನು ಮೀರುವುದಿಲ್ಲ. ಸಾದಾ ದರವೇ ಸರಿ. ಆರು ದಿನ ಎಂಟೆಂಟು ಗಂಟೆ ದುಡಿದು ಏಳನೆಯ ದಿನವೂ ದುಡಿದರೆ ಒಟ್ಟು 56 ಗಂಟೆಯಾಗುತ್ತದೆ. ಮೀರಿದ 8 ಗಂಟೆಗೆ ದುಪ್ಪಟ್ಟು ಸಲ್ಲಬೇಕು.

ಲೆಕ್ಕ ಕಷ್ಟವಲ್ಲ. ಮೂಲ ವೇತನ, ತುಟ್ಟಿಭತ್ಯೆ ಕೂಡಿ ತಿಂಗಳಿಗೆ 20,800 ರೂಪಾಯಿ ಎನ್ನಿ. ರೂಢಿಯಂತೆ 26ರಿಂದ ಭಾಗಿಸಿದರೆ ದಿನಕ್ಕೆ 800. 8ರಿಂದ ಭಾಗಿಸಿದರೆ ಗಂಟೆಗೆ 100. ಓವರ್‌ಟೈಮಿಗೆ ಗಂಟೆಗೆ 200. ಎರಡು ರವಿವಾರದ 16 ಗಂಟೆಗೆ 3,200 ಬರಬೇಕು. ಸಾದಾ ದರದಲ್ಲಿ ಕೊಟ್ಟರೆ 1,600 ನಷ್ಟ. ಮನೆ ಬಾಡಿಗೆ ಭತ್ಯೆ ಮುಂತಾದವು ಈ ಲೆಕ್ಕದಲ್ಲಿ ಸೇರವು. ಆದರೆ ಹೀಗೆ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಕೂಡಿಸಬೇಕು.

ಬಂದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ದಿನವೂ ಒಂದು ಸಣ್ಣ ವಹಿಯಲ್ಲಿ ಬರೆದಿಡಿರಿ. ಪಗಾರದ ಚೀಟಿ ಹರಿದು ಬಿಸಾಡಬೇಡಿರಿ. ವ್ಯತ್ಯಾಸ ಕಂಡರೆ ಮೊದಲು ಕಚೇರಿಯಲ್ಲಿ ಶಾಂತವಾಗಿ ಕೇಳಿರಿ. ಅಲ್ಲಿ ಆಗದಿದ್ದರೆ 2019ರ ವೇತನ ಸಂಹಿತೆಯಂತೆ ಮೂರು ವರ್ಷದೊಳಗೆ ಬಾಕಿಗಾಗಿ ಅರ್ಜಿ ಕೊಡಬಹುದು.

ಆ ತರುಣರು ಇಂಥ ವಹಿ ಇಟ್ಟಿದ್ದರು. ಅದನ್ನು ತೋರಿಸಿ ಕೇಳಿದರು. ಬಾಕಿ ಹಣ ಈ ತಿಂಗಳ ಪಗಾರದಲ್ಲಿ ಬಂದಿದೆ. ಲೆಕ್ಕ ತಿಳಿಯದವರು ಸಂಜೆ ಚೀಟಿ ತನ್ನಿರಿ, ಕೂಡಿ ನೋಡೋಣ.