ಕೈಗಡಿಯಾರದೊಳಗಿನ ವಿದ್ಯೆ

2017ನೆಯ ಇಸವಿಯ ಅಕ್ಟೋಬರ್ 26ರಂದು ನ್ಯೂಯಾರ್ಕ್ ನಗರದಲ್ಲಿ ನಡೆದ ಹರಾಜೊಂದರಲ್ಲಿ ಹಳೆಯ ಕೈಗಡಿಯಾರವೊಂದು ಮಾರಾಟವಾಯಿತು. ಅದು ಚಿನ್ನದ್ದಲ್ಲ, ಉಕ್ಕಿನದು. ಅದರಲ್ಲಿ ವಜ್ರವೂ ಇರಲಿಲ್ಲ. ಅಮೆರಿಕದ ಚಲನಚಿತ್ರ ನಟ ಪಾಲ್ ನ್ಯೂಮನ್ನರಿಗೆ ಅವರ ಪತ್ನಿ ಜೋನ್ ವುಡ್‌ವರ್ಡ್ ಉಡುಗೊರೆಯಾಗಿ ಕೊಟ್ಟಿದ್ದ, ರೋಲೆಕ್ಸ್ ಕಂಪನಿಯ ‘ಡೇಟೋನಾ’ ಎಂಬ ಮಾದರಿಯ ಗಡಿಯಾರ ಅದು. ಹೊಸದಾಗಿದ್ದಾಗ ಕೆಲವು ನೂರು ಡಾಲರುಗಳಿಗೆ ಸಿಗುತ್ತಿದ್ದ, ಅಂಗಡಿಗಳಲ್ಲಿ ಬೇಗನೆ ಖರ್ಚಾಗದೆ ಉಳಿಯುತ್ತಿದ್ದ ಮಾದರಿ. ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 1 ಕೋಟಿ 77 ಲಕ್ಷ ಡಾಲರುಗಳಿಗೂ ಮಿಕ್ಕಿತ್ತು!

ಈ ಸಂಗತಿಯನ್ನು ನಾವು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸಾರ್, ಹಾಗಾದರೆ ಆ ಗಡಿಯಾರ ಬಹಳ ಸರಿಯಾಗಿ ಕಾಲ ತೋರಿಸುತ್ತದೆಯೆ?” ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಬಾಯಲ್ಲಿ ಹೇಳುವುದಕ್ಕಿಂತ ಅಳೆದು ನೋಡುವುದು ಮೇಲೆಂದು, ಪ್ರಯೋಗಶಾಲೆಯ ಮೇಜಿನ ಮೇಲೆ ಎರಡು ಗಡಿಯಾರಗಳನ್ನು ಇಟ್ಟೆವು. ಒಂದು, ದಿನವೂ ಕೀ ಕೊಡಬೇಕಾದ ಹಳೆಯ ಎಚ್.ಎಂ.ಟಿ. ಇನ್ನೊಂದು, ಪೇಟೆ ಬೀದಿಯಲ್ಲಿ ಕೆಲವು ನೂರು ರೂಪಾಯಿಗೆ ಕೊಂಡ, ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರ. ಒಂದು ವಾರ ಕಳೆದ ಮೇಲೆ ಹೋಲಿಸಿದಾಗ ಮೊದಲನೆಯದು 2 ನಿಮಿಷ 6 ಸೆಕೆಂಡು ಹಿಂದೆ ಬಿದ್ದಿತ್ತು. ಎರಡನೆಯದು ಕೇವಲ 3 ಸೆಕೆಂಡು ಮುಂದೆ ಓಡಿತ್ತು.

ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಗಡಿಯಾರವನ್ನು ಇಟ್ಟಿದ್ದರೂ ಗೆಲುವು ಬೀದಿಯ ಗಡಿಯಾರಕ್ಕೇ ಸಲ್ಲುತ್ತಿತ್ತು. ಹಾಗಿದ್ದ ಮೇಲೆ, ಯಾಂತ್ರಿಕ ಕೈಗಡಿಯಾರಗಳನ್ನು ಅಷ್ಟು ಹಣ ತೆತ್ತು ಕೊಳ್ಳುವವರು, ಸಂಗ್ರಹಿಸಿ ಕಾಪಾಡುವವರು ನಿಜವಾಗಿ ಕೊಳ್ಳುವುದು ಏನನ್ನು? ಇದನ್ನು ತಿಳಿಯಬೇಕಾದರೆ ಗಡಿಯಾರದ ಹಿಂಬದಿಯ ಮುಚ್ಚಳವನ್ನು ತೆಗೆದು ಒಳಗೆ ನೋಡಬೇಕು.

ಒಂದು ಜೂಲಿನ ಸಂಸಾರ

ಕೀ ಕೊಡುವುದೆಂದರೆ ಒಂದು ಉದ್ದನೆಯ ಲೋಹದ ಪಟ್ಟಿಯನ್ನು ಬಿಗಿಯಾಗಿ ಸುತ್ತುವುದು. ಇದೇ ಮುಖ್ಯ ಸ್ಪ್ರಿಂಗು. ಸುತ್ತಿದ ಪಟ್ಟಿಯಲ್ಲಿ ಅಡಗಿರುವ ಶಕ್ತಿ ಸಾಮಾನ್ಯವಾಗಿ ಒಂದು ಜೂಲಿಗಿಂತ ಕಡಿಮೆ. ಎಂದರೆ, ನೂರು ಗ್ರಾಂ ತೂಕವನ್ನು ಒಂದು ಮೀಟರು ಎತ್ತರಕ್ಕೆ ಎತ್ತುವಷ್ಟೂ ಇಲ್ಲ. ಇಷ್ಟು ಅಲ್ಪವಾದ ಬಂಡವಾಳದಿಂದ ಗಡಿಯಾರ ಸುಮಾರು ನಲವತ್ತು ಗಂಟೆಗಳ ಕಾಲ ಸಂಸಾರ ನಡೆಸಬೇಕು.

ಸ್ಪ್ರಿಂಗನ್ನು ಅದರ ಪಾಡಿಗೆ ಬಿಟ್ಟರೆ ಕ್ಷಣಮಾತ್ರದಲ್ಲಿ ಬಿಚ್ಚಿಕೊಂಡು ಶಕ್ತಿಯೆಲ್ಲ ವ್ಯರ್ಥವಾದೀತು. ಆದುದರಿಂದ ಅದನ್ನು ತಡೆದು ತಡೆದು ಬಿಡುವ ಒಂದು ಏರ್ಪಾಡು ಬೇಕು. ಇದಕ್ಕೆ ಎಸ್ಕೇಪ್‌ಮೆಂಟ್ ಎಂದು ಹೆಸರು. ಯಾವ ಗತಿಯಲ್ಲಿ ಬಿಡಬೇಕೆಂಬುದನ್ನು ನಿರ್ಧರಿಸುವುದು ಬ್ಯಾಲೆನ್ಸ್ ಚಕ್ರ. ಕೂದಲಿನಂತಹ ಸೂಕ್ಷ್ಮ ಸುರುಳಿಯೊಂದಕ್ಕೆ ಬಂಧಿತವಾಗಿ ಅದು ಅತ್ತಿತ್ತ ತೂಗಾಡುತ್ತದೆ. ಗೋಡೆಗಡಿಯಾರದ ಲೋಲಕಕ್ಕೆ ಗುರುತ್ವ ಹೇಗೋ, ಈ ಚಕ್ರಕ್ಕೆ ಸುರುಳಿಯ ಸ್ಥಿತಿಸ್ಥಾಪಕತ್ವ ಹಾಗೆ. ಹಾಲೆಂಡಿನ ವಿಜ್ಞಾನಿ ಕ್ರಿಶ್ಚಿಯನ್ ಹೈಗೆನ್ಸ್ 1675ರಲ್ಲಿ ಇಂತಹ ಸುರುಳಿಯ ಗಡಿಯಾರವನ್ನು ಲೋಕಕ್ಕೆ ತಿಳಿಸಿದನು. ಜೇಬಿನಲ್ಲಿ ನಂಬಿಕೆಗೆ ಅರ್ಹವಾದ ಕಾಲ ಬಂದು ಕುಳಿತದ್ದು ಅಂದಿನಿಂದ.

ಇಂದಿನ ಅನೇಕ ಯಾಂತ್ರಿಕ ಗಡಿಯಾರಗಳು ಗಂಟೆಗೆ 28,800 ಬಾರಿ ಬಡಿಯುತ್ತವೆ. ದಿನಕ್ಕೆ 6,91,200 ಬಡಿತ. ವರ್ಷಕ್ಕೆ 25 ಕೋಟಿಗೂ ಹೆಚ್ಚು. ನಮ್ಮ ಪ್ರಯೋಗದ ಎಚ್.ಎಂ.ಟಿ. ದಿನಕ್ಕೆ 18 ಸೆಕೆಂಡು ತಪ್ಪಿತೆಂದರೆ, 86,400 ಸೆಕೆಂಡುಗಳಲ್ಲಿ 18. ಅಂದರೆ 4,800ರಲ್ಲಿ ಒಂದು ಪಾಲು. ಉಕ್ಕು, ಹಿತ್ತಾಳೆ, ಎಣ್ಣೆಗಳಿಂದಾದ ಒಂದು ಯಂತ್ರ ಕೈಬೀಸಿನ ಕುಲುಕಾಟವನ್ನೂ ಬಿಸಿಲು ಚಳಿಯನ್ನೂ ಸಹಿಸಿ ಇಷ್ಟೇ ತಪ್ಪುವುದು ಸಾಮಾನ್ಯವೇ? ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷಾ ಸಂಸ್ಥೆಯಲ್ಲಿ ‘ಕ್ರೊನೊಮೀಟರ್’ ಎಂಬ ಬಿರುದು ಬಯಸುವ ಗಡಿಯಾರಯಂತ್ರ 15 ದಿನ, ಐದು ಭಂಗಿಗಳಲ್ಲಿ, ಮೂರು ಉಷ್ಣತೆಗಳಲ್ಲಿ ಪರೀಕ್ಷೆಗೆ ಒಳಗಾಗಬೇಕು. ದಿನದ ಸರಾಸರಿಯಲ್ಲಿ 4 ಸೆಕೆಂಡಿಗಿಂತ ಹಿಂದೆ ಬೀಳಬಾರದು. 6 ಸೆಕೆಂಡಿಗಿಂತ ಮುಂದೆ ಓಡಬಾರದು.

ಮೂವರು ಶತ್ರುಗಳು

ಈ ನಿಖರತೆಯನ್ನು ಮನುಷ್ಯ ಸುಲಭವಾಗಿ ಪಡೆಯಲಿಲ್ಲ. ಘರ್ಷಣೆ, ಉಷ್ಣ, ಗುರುತ್ವ ಎಂಬ ಮೂವರು ಶತ್ರುಗಳೊಡನೆ ಮುನ್ನೂರು ವರ್ಷ ಸೆಣಸಬೇಕಾಯಿತು.

ಘರ್ಷಣೆಯನ್ನು ತಗ್ಗಿಸಲು, ಚಕ್ರಗಳ ಅಚ್ಚುಗಳು ತಿರುಗುವ ಕಡೆ ಗಟ್ಟಿಯಾದ ನಯವಾದ ಕಲ್ಲುಗಳನ್ನು ಕೂರಿಸುವ ಉಪಾಯ ಹೊಳೆಯಿತು. ನ್ಯೂಟನ್ನನ ಸ್ನೇಹಿತನಾಗಿದ್ದ ಸ್ವಿಸ್ ಗಣಿತಜ್ಞ ಫಾಟಿಯೊ, ಕಲ್ಲಿಗೆ ರಂಧ್ರ ಕೊರೆದು ಹೀಗೆ ಬಳಸುವ ವಿಧಾನಕ್ಕೆ ತನ್ನ ಜೊತೆಗಾರರೊಡನೆ 1704ರಲ್ಲಿ ಇಂಗ್ಲೆಂಡಿನಲ್ಲಿ ಸನ್ನದು ಪಡೆದನು. ಗಡಿಯಾರದ ಮೇಲೆ ‘17 ಜ್ಯುವೆಲ್ಸ್’ ಎಂದು ಬರೆದಿರುವುದನ್ನು ವಾಚಕರು ನೋಡಿರಬಹುದು. ಅದನ್ನು ಕಂಡು ನಿಧಿ ದೊರೆತಂತೆ ಹಿಗ್ಗುವವರುಂಟು. ಆದರೆ ಫ್ರಾನ್ಸಿನ ವೆರ್ನುಯ್ 1902ರಲ್ಲಿ ಜ್ವಾಲೆಯ ಸಹಾಯದಿಂದ ಕೃತಕ ಮಾಣಿಕ್ಯ ಮಾಡುವ ವಿಧಾನವನ್ನು ಪ್ರಕಟಿಸಿದ ಬಳಿಕ ಆ ಹರಳುಗಳು ತೀರ ಅಗ್ಗವಾದವು. ಅವು ಗಡಿಯಾರದ ಒಡವೆಗಳಲ್ಲ, ಕೀಲುಗಳು.

ಎರಡನೆಯ ಶತ್ರು ಉಷ್ಣ. ಬಿಸಿಯೇರಿದಂತೆ ಉಕ್ಕಿನ ಸುರುಳಿ ಸಡಿಲವಾಗಿ ಚಕ್ರ ನಿಧಾನವಾಗುತ್ತದೆ. ಪರಿಹಾರ ಮಾಡದೆ ಬಿಟ್ಟರೆ, ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ದಿನಕ್ಕೆ ಹತ್ತು ಹನ್ನೊಂದು ಸೆಕೆಂಡು ನಷ್ಟ. ಈ ಶತ್ರುವನ್ನು ಮಣಿಸಿದವನು ಸ್ವಿಟ್ಜರ್ಲೆಂಡಿನ ಗಡಿಯಾರ ಸೀಮೆಯಲ್ಲೇ ಹುಟ್ಟಿದ ಚಾರ್ಲ್ಸ್ ಎಡ್ವರ್ಡ್ ಗಿಯೋಮ್. ನಿಕ್ಕಲ್ ಬೆರೆತ ಉಕ್ಕನ್ನು ಅಭ್ಯಾಸ ಮಾಡಿ, ಉಷ್ಣಕ್ಕೆ ಬಹುತೇಕ ಹಿಗ್ಗದ ‘ಇನ್ವಾರ್’, ಸ್ಥಿತಿಸ್ಥಾಪಕತ್ವವನ್ನು ಬಹುತೇಕ ಬದಲಿಸದ ‘ಎಲಿನ್ವಾರ್’ ಎಂಬ ಮಿಶ್ರಲೋಹಗಳನ್ನು ಆತನು ಕಂಡುಹಿಡಿದನು. 1920ರ ಭೌತವಿಜ್ಞಾನದ ನೊಬೆಲ್ ಬಹುಮಾನ ಆತನಿಗೆ ಸಂದಿತು.

ಮೂರನೆಯದು ಗುರುತ್ವ. ಚಕ್ರದ ತೂಕ ಎಲ್ಲ ಕಡೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಂಚಿರುವುದಿಲ್ಲ. ಆದುದರಿಂದ ಗಡಿಯಾರ ನಿಂತಿದ್ದಾಗ ಒಂದು ಗತಿ, ಮಲಗಿದ್ದಾಗ ಇನ್ನೊಂದು ಗತಿ. ಪ್ಯಾರಿಸ್ಸಿನಲ್ಲಿದ್ದ ಅಬ್ರಹಾಂ ಲೂಯಿ ಬ್ರೆಗೆ 1801ರಲ್ಲಿ ಇದಕ್ಕೊಂದು ಜಾಣ್ಮೆಯ ಉಪಾಯವನ್ನು ಸನ್ನದು ಮಾಡಿಸಿದನು. ಬ್ಯಾಲೆನ್ಸ್ ಚಕ್ರವನ್ನೂ ಎಸ್ಕೇಪ್‌ಮೆಂಟನ್ನೂ ಒಂದು ಪಂಜರದಲ್ಲಿಟ್ಟು, ಆ ಪಂಜರವನ್ನೇ ನಿಧಾನವಾಗಿ ತಿರುಗಿಸುವುದು. ಒಂದು ಭಂಗಿಯ ತಪ್ಪನ್ನು ಮತ್ತೊಂದು ಭಂಗಿಯ ತಪ್ಪು ಅಳಿಸಿಹಾಕುತ್ತದೆ. ಇದೇ ‘ಟೂರ್‌ಬಿಯೊಂ’. ಜೇಬಿನಲ್ಲಿ ಸದಾ ನಿಂತಿರುವ ಗಡಿಯಾರಕ್ಕೆಂದು ಹುಟ್ಟಿದ ಈ ಉಪಾಯದಿಂದ, ತಾನೇ ಎತ್ತೆತ್ತಲೋ ತಿರುಗುತ್ತಿರುವ ಮಣಿಕಟ್ಟಿನಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಆದರೂ ಇಂದು ಶ್ರೀಮಂತರ ಕೈಗಡಿಯಾರಗಳಲ್ಲಿ ಇದಕ್ಕೆ ಬಹು ಮರ್ಯಾದೆ. ಉಪಯುಕ್ತತೆ ಮುಗಿದ ಮೇಲೂ ವಿದ್ಯೆಯ ಸೊಗಸು ಮುಗಿಯುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಅಟ್ಟ ಸೇರಿದ ಉಪಕರಣಗಳು

ಮುನ್ನೂರು ವರ್ಷಗಳ ಈ ವಿದ್ಯೆಗೆ 1969ರಲ್ಲಿ ದೊಡ್ಡ ಪೆಟ್ಟು ಬಿದ್ದಿತು. ಆ ವರ್ಷದ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ‘ಆಸ್ಟ್ರಾನ್’ ಎಂಬ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕೆ ಇಟ್ಟಿತು. ವಿದ್ಯುತ್ತು ಹರಿಸಿದಾಗ ಕ್ವಾರ್ಟ್ಸ್ ಹರಳು ಬಹು ನಿಯತವಾಗಿ ಕಂಪಿಸುತ್ತದೆ. ಇಂದಿನ ಸಾಮಾನ್ಯ ಗಡಿಯಾರಗಳಲ್ಲಿ ಅದರ ಕಂಪನ ಸೆಕೆಂಡಿಗೆ 32,768. ಈ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಒಂದು ದೊರೆಯುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. ಬ್ಯಾಲೆನ್ಸ್ ಚಕ್ರದ ಸೆಕೆಂಡಿಗೆ ಎಂಟು ಬಡಿತಗಳೆಲ್ಲಿ, ಇದೆಲ್ಲಿ! ಯಂತ್ರಗಳಲ್ಲೇ ರಾಶಿರಾಶಿಯಾಗಿ ತಯಾರಾದ ಕ್ವಾರ್ಟ್ಸ್ ಗಡಿಯಾರಗಳು ಕೆಲವೇ ವರ್ಷಗಳಲ್ಲಿ ಅಗ್ಗವಾದವು. ಸ್ವಿಟ್ಜರ್ಲೆಂಡಿನ ಗಡಿಯಾರ ಉದ್ಯಮದಲ್ಲಿ 1970ರ ಸುಮಾರಿಗೆ 90,000 ಮಂದಿ ದುಡಿಯುತ್ತಿದ್ದರು. 1980ರ ದಶಕದ ನಡುವಿನಲ್ಲಿ ಉಳಿದವರು 30,000ಕ್ಕಿಂತ ಸ್ವಲ್ಪ ಹೆಚ್ಚು. ಕಣಿವೆಗಳ ಊರುಗಳಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು.

ಲೆ ಲೊಕ್ಲ್ ಎಂಬ ಊರಿನಲ್ಲಿ ಜೆನಿತ್ ಎಂಬ ಹಳೆಯ ಕಾರ್ಖಾನೆಯಿದೆ. ಅದು 1969ರಲ್ಲಿ ‘ಎಲ್ ಪ್ರಿಮೆರೊ’ ಎಂಬ ಯಂತ್ರವನ್ನು ಹೊರತಂದಿತ್ತು. ಗಂಟೆಗೆ 36,000 ಬಾರಿ ಬಡಿಯುತ್ತ ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಅಳೆಯಬಲ್ಲ ಯಂತ್ರ. ಆರು ವರ್ಷ ಕಳೆಯುವುದರೊಳಗೆ, ಕಾರ್ಖಾನೆಯ ಅಂದಿನ ಅಮೆರಿಕನ್ ಒಡೆಯರು ಯಾಂತ್ರಿಕ ಗಡಿಯಾರಗಳ ತಯಾರಿಕೆಯನ್ನು ನಿಲ್ಲಿಸುವಂತೆ ಆಜ್ಞೆಮಾಡಿದರು. ಅಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ವೆರ್ಮೊ ಎಂಬ ಕುಶಲಕರ್ಮಿ ಬೇಡಿಕೊಂಡರೂ ಮೇಲಿನವರು ಕೇಳಲಿಲ್ಲ. ಆಗ ಆತನು ಒಂದು ಸಾಹಸಕ್ಕೆ ಕೈಹಾಕಿದನು. ಯಂತ್ರದ ಭಾಗಗಳನ್ನು ಮಾಡುವ ಅಚ್ಚುಗಳು, ಕತ್ತರಿಸುವ ಉಪಕರಣಗಳು, ನಕ್ಷೆಗಳು ಇವುಗಳನ್ನೆಲ್ಲ ಯಾರಿಗೂ ತಿಳಿಯದಂತೆ ಅಟ್ಟಕ್ಕೆ ಸಾಗಿಸಿ ಮುಚ್ಚಿಟ್ಟನು. ಯಾವುದನ್ನು ಹೇಗೆ ಬಳಸಬೇಕೆಂಬುದನ್ನೂ ಬರೆದಿಟ್ಟನು.

ಒಡೆತನ ಬದಲಾಗಿ, 1984ರಲ್ಲಿ ಅದೇ ಯಂತ್ರವನ್ನು ಮತ್ತೆ ತಯಾರಿಸುವ ಕಾಲ ಬಂದಾಗ ಅಟ್ಟದ ಸಾಮಗ್ರಿಯೆಲ್ಲ ಕೆಳಗಿಳಿಯಿತು. 1988ರಲ್ಲಿ ರೋಲೆಕ್ಸ್ ಕಂಪನಿ ತನ್ನ ಡೇಟೋನಾದ ಹೊಸ ತಲೆಮಾರಿಗೆ ಆಯ್ದುಕೊಂಡದ್ದು ಇದೇ ಯಂತ್ರದ ಮಾರ್ಪಡಿಸಿದ ರೂಪವನ್ನು. ಒಬ್ಬ ಕೆಲಸಗಾರನ ಹಟ ಇಲ್ಲದಿದ್ದರೆ ಆ ಉಪಕರಣಗಳು ಹಳೆಯ ಕಬ್ಬಿಣದ ಬೆಲೆಗೆ ಮಾರಿಹೋಗುತ್ತಿದ್ದವು.

ಸಂಗ್ರಾಹಕನ ಧರ್ಮ

ಸತ್ತೇಹೋಗಬಹುದಾಗಿದ್ದ ವಿದ್ಯೆ ಉಳಿಯಲು ಇನ್ನೊಂದು ಕಾರಣ, ಅದಕ್ಕೆ ಹಣ ಕೊಡಲು ಸಿದ್ಧರಿದ್ದ ಜನ. ಅವರ ಮೆಚ್ಚುಗೆಯ ವಸ್ತುಗಳೂ ವಿಚಿತ್ರವೇ. ‘ಶಾಶ್ವತ ಪಂಚಾಂಗ’ದ ಗಡಿಯಾರವನ್ನು ನೋಡಿ. ಅದರೊಳಗಿನ ಒಂದು ಚಕ್ರ ನಾಲ್ಕು ವರ್ಷಕ್ಕೆ ಒಮ್ಮೆ ಮಾತ್ರ ಸುತ್ತುತ್ತದೆ. ಮೂವತ್ತು ದಿನದ ತಿಂಗಳಾವುದು, ಅಧಿಕ ವರ್ಷದ ಫೆಬ್ರವರಿಯಾವುದು ಎಂಬುದೆಲ್ಲ ಆ ಚಕ್ರದ ಅಂಚಿನ ತಗ್ಗುದಿಣ್ಣೆಗಳಲ್ಲೇ ಕೊರೆದಿದೆ. 2100ನೆಯ ವರ್ಷ ನಾಲ್ಕರಿಂದ ಭಾಗವಾದರೂ ಅಧಿಕ ವರ್ಷವಲ್ಲ; ಆದುದರಿಂದ ಆ ವರ್ಷದ ಮಾರ್ಚ್ ಮೊದಲನೆಯ ದಿನ ಇಂತಹ ಬಹುಪಾಲು ಗಡಿಯಾರಗಳನ್ನು ಕೈಯಿಂದ ತಿದ್ದಬೇಕಾಗುತ್ತದೆ. ಇನ್ನು, ಉತ್ತಮ ಯಂತ್ರಗಳಲ್ಲಿ ಮುಖಫಲಕದ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದ ಭಾಗಗಳ ಅಂಚುಗಳನ್ನೂ ಕೈಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಬೆಲೆಯ ಒಂದು ಪಾಲು ಈ ದುಡಿಮೆಯದು. ಉಳಿದುದರಲ್ಲಿ ಕಂಪನಿಯ ಹೆಸರು, ವಿರಳತೆ, ಜನರ ಹುಚ್ಚು ಎಲ್ಲವೂ ಸೇರಿವೆ. ನ್ಯೂಮನ್ನರ ಗಡಿಯಾರದ ಬೆಲೆಯಲ್ಲಂತೂ ಭೌತವಿಜ್ಞಾನದ ಪಾಲು ಅತ್ಯಲ್ಪ!

ಹಣ ಬೆಳೆಸುವ ಆಸೆಯಿಂದ ಕೊಳ್ಳುವವರು ಎಚ್ಚರದಿಂದಿರಬೇಕು. 2021ರಲ್ಲಿಯೂ 2022ರ ಆರಂಭದಲ್ಲಿಯೂ ಪ್ರಸಿದ್ಧ ಮಾದರಿಗಳ ಮರುಮಾರಾಟದ ಬೆಲೆ ಗಗನಕ್ಕೇರಿ ಅನಂತರ ಕುಸಿಯಿತು. ತಿಳಿದ ಸಂಗ್ರಾಹಕ ಬೇರೆ ನಿಯಮಗಳನ್ನು ಪಾಲಿಸುತ್ತಾನೆ. ಹಳೆಯ ಕವಚವನ್ನು ಉಜ್ಜಿ ಹೊಸದು ಮಾಡಿಸುವುದಿಲ್ಲ. ಮೂಲ ಅಂಚುಗಳು ಸವೆದುಹೋದಾವೆಂಬ ಭಯ. ಮಾಸಿದ ಮುಖಫಲಕಕ್ಕೆ ಬಣ್ಣ ಬಳಿಸುವುದಿಲ್ಲ. ಆದರೆ ಒಳಗಿನ ಎಣ್ಣೆ ಒಣಗಿದರೆ ಲೋಹ ಲೋಹವನ್ನು ತಿನ್ನುವುದೆಂದು ಅರಿತು, ಕೆಲವು ವರ್ಷಗಳಿಗೊಮ್ಮೆ ಯಂತ್ರವನ್ನು ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸುತ್ತಾನೆ. ಸುರುಳಿ ಕಾಂತೀಯವಾದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಹುಚ್ಚೆದ್ದು ಓಡುವುದರಿಂದ, ಧ್ವನಿವರ್ಧಕದಂತಹ ವಸ್ತುಗಳ ಹತ್ತಿರ ಅದನ್ನು ಇಡುವುದಿಲ್ಲ.

ನಮ್ಮ ಮಗ್ಗುಲಿನ ಪಾಠ

ಇದೆಲ್ಲ ದೂರದೇಶದ ಸಿರಿವಂತರ ಮಾತೆಂದು ವಾಚಕರು ಭಾವಿಸಬೇಕಾಗಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ಪ್ರಾರಂಭವಾಯಿತು. ‘ಜನತಾ’, ‘ಪೈಲಟ್’ ಮೊದಲಾದ ಅದರ ಗಡಿಯಾರಗಳು ನಾಡಿನ ಮನೆಮನೆಯನ್ನೂ ಸೇರಿದವು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ ಕೊಡುತ್ತಿದ್ದ ಉಡುಗೊರೆ ಅದು. ಕ್ವಾರ್ಟ್ಸ್ ಯುಗದ ಪೈಪೋಟಿಯಲ್ಲಿ ಸೋತು ನಷ್ಟಕ್ಕೆ ಸಿಕ್ಕಿದ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಇಂದು ಅವೇ ಗಡಿಯಾರಗಳನ್ನು ಹುಡುಕಿ ಕೂಡಿಡುವವರು ಹುಟ್ಟಿಕೊಂಡಿದ್ದಾರೆ. ಹಳೆಯ ಯಂತ್ರಕ್ಕೆ ಹೊಸ ಬಣ್ಣದ ಮುಖಫಲಕ ಅಂಟಿಸಿ ಮಾರುವವರೂ ಇದ್ದಾರೆ.

ಪ್ರಯೋಗ ಮುಗಿದ ಮೇಲೆ ನಮ್ಮ ಎಚ್.ಎಂ.ಟಿ.ಯನ್ನು ಎಣ್ಣೆ ಹಾಕಿಸಲೆಂದು ಪೇಟೆಯ ವೃದ್ಧ ರಿಪೇರಿಗಾರರೊಬ್ಬರ ಬಳಿಗೆ ಒಯ್ದೆವು. ಅವರು ಭೂತಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು. ಇದಕ್ಕೆ ಈಗ ಎಷ್ಟು ಬೆಲೆ ಬರಬಹುದೆಂದು ನಾವು ಕೇಳಿದೆವು. “ಬೆಲೆ ಹಾಗಿರಲಿ ಮೇಷ್ಟ್ರೆ,” ಎಂದರು ಅವರು, “ಈ ಬೀದಿಯಲ್ಲಿ ಹಿಂದೆ ಹತ್ತು ಜನ ಇದನ್ನು ಬಿಚ್ಚಿ ಕೂಡಿಸೋರಿದ್ದೆವು. ಈಗ ನಾನೊಬ್ಬ. ನನ್ನ ಮಗ ಬ್ಯಾಟರಿ ಹಾಕ್ತಾನೆ, ಅಷ್ಟೇ.”

ಅವರ ಮಾತಿನಲ್ಲಿ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವಿತ್ತು. ಸಂಗ್ರಾಹಕ ಕೊಳ್ಳುವುದು ಕಾಲವನ್ನಲ್ಲ. ಕಾಲವನ್ನು ಹಿಡಿಯಲು ಮನುಷ್ಯನ ಕೈ ಕಲಿತ ವಿದ್ಯೆಯ ಒಂದು ತುಣುಕನ್ನು. ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಗಡಿಯಾರ ಆ ವಿದ್ಯೆಯನ್ನು ಉಳಿಸಲಾರದು. ಬಿಚ್ಚಬಲ್ಲ, ಕೂಡಿಸಬಲ್ಲ ಕೈಗಳು ಬೇಕು. ವೆರ್ಮೊ ಉಪಕರಣಗಳ ಜೊತೆಗೆ ಬರೆಹವನ್ನೂ ಬಚ್ಚಿಟ್ಟದ್ದು ಅದಕ್ಕಾಗಿಯೇ. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಯಾಂತ್ರಿಕ ಗಡಿಯಾರಗಾರಿಕೆಯನ್ನು ಯುನೆಸ್ಕೊ ಸಂಸ್ಥೆ 2020ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಗೌರವಿಸಿದ್ದು ವಸ್ತುವನ್ನಲ್ಲ, ಕೌಶಲವನ್ನು.

ಲಕ್ಷ ರೂಪಾಯಿಯ ಗಡಿಯಾರ ನಮ್ಮ ವಿದ್ಯಾರ್ಥಿಗಳಿಗೆ ಬೇಕಾಗಿಲ್ಲ, ನಮಗೂ ಬೇಕಾಗಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ನಿಂತ ಗಡಿಯಾರವೊಂದು ಇದ್ದರೆ ಅದನ್ನು ಬಲ್ಲವರ ಬಳಿಗೆ ಒಯ್ಯಿರಿ. ಅವರು ಮುಚ್ಚಳ ತೆಗೆಯುವಾಗ ಪಕ್ಕದಲ್ಲಿ ನಿಂತು, ಆ ಪುಟ್ಟ ಚಕ್ರ ಮತ್ತೆ ತೂಗಲು ತೊಡಗುವುದನ್ನು ನೋಡಿರಿ. ಸಾಧ್ಯವಾದರೆ, ಅದು ಹೇಗೆ ನಡೆಯುತ್ತದೆಂದು ಕೇಳಿ ತಿಳಿದು ಬರೆದಿಟ್ಟುಕೊಳ್ಳಿರಿ.