ವಾರ್ಧಕ್ಯ ಮತ್ತು ಭಾವಸ್ಪಂದನ

ಭರತನ ನಾಟ್ಯಶಾಸ್ತ್ರದಲ್ಲಿ ಪ್ರೇಕ್ಷಕರ ಅಭಿರುಚಿಭೇದವನ್ನು ಕುರಿತ ಒಂದು ಮಾತು ಬರುತ್ತದೆ. ತರುಣರಿಗೆ ಕಾಮಸಂಬಂಧಿಯಾದುದು, ಶೂರರಿಗೆ ಯುದ್ಧ ಮತ್ತು ರೌದ್ರ, ವೃದ್ಧರಿಗೆ ಧರ್ಮಾಖ್ಯಾನ ಹಾಗೂ ಪುರಾಣಗಳು ಹಿಡಿಸುತ್ತವೆಂಬುದು ಅದರ ತಾತ್ಪರ್ಯ. ರಸಸೂತ್ರದ ಚರ್ಚೆಯಲ್ಲಿ ಮುಳುಗಿದವರ ಗಮನ ಇಂಥ ಮಾತುಗಳತ್ತ ಹರಿಯುವುದು ಕಡಿಮೆ. ಸ್ಥಾಯಿಭಾವಗಳು ಎಲ್ಲರಲ್ಲಿಯೂ ವಾಸನಾರೂಪದಿಂದ ಇರುವುದಾದರೆ ವಯಸ್ಸಿಗನುಗುಣವಾಗಿ ಸ್ಪಂದನ ಬದಲಾಗುವುದೇಕೆ? ಭರತನು ಅಲ್ಲಿ ಭೇದವನ್ನು ಗುರುತಿಸಿದ್ದಾನೆ, ಕಾರಣವನ್ನು ಹೇಳಿಲ್ಲ.

ಲೋಕರೂಢಿಯ ಉತ್ತರ ಸುಲಭವಾದುದು: ಕಣ್ಣು ಕಿವಿಗಳಂತೆ ಭಾವಗಳೂ ಮುಪ್ಪಿನಲ್ಲಿ ಮಂದವಾಗುತ್ತವೆ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯ ಹಿಂದಿರುವುದೂ ಇದೇ ಬಗೆಯ ತಿಳಿವಳಿಕೆ. ಈ ನಂಬಿಕೆ ನಿಲ್ಲಲಾರದೆಂಬುದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುತ್ತದೆ. 18ರಿಂದ 94 ವರ್ಷದವರೆಗಿನ 184 ಮಂದಿ ಒಂದು ವಾರ ಕಾಲ ದಿನಕ್ಕೆ 5 ಬಾರಿ, ಸೂಚನೆ ಬಂದ ಕೂಡಲೇ, ಆ ಕ್ಷಣದ ತಮ್ಮ ಭಾವಗಳನ್ನು ಬರೆದಿಟ್ಟರು. ಭಾವದ ತೀವ್ರತೆಯಲ್ಲಿ ಹಿರಿಯರಿಗೂ ಕಿರಿಯರಿಗೂ ಅಂತರ ಕಾಣಲಿಲ್ಲ. ಆದರೆ ದುಃಖ, ಕೋಪಗಳಂಥ ಅಹಿತಭಾವಗಳು ತಲೆದೋರುವುದು ಸುಮಾರು 60ರ ವಯಸ್ಸಿನವರೆಗೆ ಕಡಿಮೆಯಾಗುತ್ತ ಬಂದಿತ್ತು. ಹಿರಿಯರಲ್ಲಿ ಅವು ಬೇಗನೆ ಶಮನವಾಗುತ್ತಿದ್ದವು. ಹರ್ಷ ವಿಷಾದಗಳು ಒಂದರೊಳಗೊಂದು ಬೆರೆತ ಅನುಭವ ಅವರಲ್ಲಿಯೇ ಹೆಚ್ಚು. ಕಾವ್ಯಾಭ್ಯಾಸಿಗಳಿಗೆ ಈ ಕೊನೆಯ ಅಂಶ ವಿಶೇಷ ಕುತೂಹಲ ಹುಟ್ಟಿಸಬೇಕು.

ಕಾರ್ಸ್ಟೆನ್ಸನ್ ಅವರ ಸಿದ್ಧಾಂತದ ಪ್ರಕಾರ ಇಲ್ಲಿ ಮುಖ್ಯವಾದುದು ಕಳೆದ ವರ್ಷಗಳ ಸಂಖ್ಯೆಯಲ್ಲ, ಉಳಿದಿರುವ ಕಾಲದ ಅರಿವು. ಮುಂದೆ ಬಹುಕಾಲವಿದೆಯೆಂದು ಬಗೆದವನು ಹೊಸ ಪರಿಚಯ, ಹೊಸ ಜ್ಞಾನಗಳನ್ನು ಅರಸುತ್ತಾನೆ. ಕಾಲ ಕಿರಿದೆಂದು ಅರಿತವನು ಮನಸ್ಸಿಗೆ ಅರ್ಥಪೂರ್ಣವಾದ ಕೆಲವೇ ಸಂಬಂಧಗಳನ್ನು ಉಳಿಸಿಕೊಳ್ಳುತ್ತಾನೆ. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಹಸ್ತಾಂತರವಾದ ಸಂದರ್ಭ ಇದಕ್ಕೆ ಒಳ್ಳೆಯ ನಿದರ್ಶನ. ಬಿಡುವಿನ ವೇಳೆಯನ್ನು ಆಪ್ತರೊಡನೆ ಕಳೆಯುವಿರಾ, ಹೊಸ ಪರಿಚಿತರೊಡನೆಯೋ, ಓದಿದ ಪುಸ್ತಕದ ಲೇಖಕರೊಡನೆಯೋ ಎಂಬ ಬಗೆಯ ಪ್ರಶ್ನೆಗೆ, ಒಂದು ಯುಗ ಮುಗಿಯುತ್ತಿದೆಯೆಂಬ ಭಾವನೆ ಆವರಿಸಿದ್ದ ಆ ದಿನಗಳಲ್ಲಿ, ತರುಣರೂ ವೃದ್ಧರಂತೆ ಆಪ್ತರನ್ನೇ ಆರಿಸಿದರು. ಹಸ್ತಾಂತರವಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಹಳೆಯ ಅಂತರ ಮತ್ತೆ ಕಾಣಿಸಿಕೊಂಡಿತ್ತು.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯನ್ನು ಈ ಬೆಳಕಿನಲ್ಲಿ ಓದಬಹುದು. ಬಾಲವಿಧವೆಯಾಗಿ ಮುಪ್ಪನ್ನು ಮುಟ್ಟಿದ ಅಜ್ಜಿಯದು ಭಾವಶೂನ್ಯತೆಯಲ್ಲ, ವೈರಾಗ್ಯವೂ ಅಲ್ಲ. ಲೋಕವು ದೂರುವವರ ಬಗೆಗೆ ಆಕೆ ಕನಿಕರ ತೋರಬಲ್ಲಳು. ದೇವರ ಹೆಸರಿನ ಸೋಗನ್ನು ಕಂಡರೆ ಮಾತು ಮೊನಚಾಗುತ್ತದೆ. ಯಾವುದಕ್ಕೆ ಮರುಗಬೇಕು, ಯಾವುದನ್ನು ಬಿಡಬೇಕೆಂಬ ಆಯ್ಕೆ ಮಾತ್ರ ಆಕೆಗೆ ಖಚಿತವಾಗಿದೆ.

ಈ ಸಮಾಧಾನಕ್ಕೆ ಮಿತಿಯೂ ಉಂಟು. ಬೇಗುದಿಯಿಂದ ದೂರ ಸರಿಯಲು ಅವಕಾಶವಿಲ್ಲದಿದ್ದಾಗ ಹಿರಿಯರಿಗೆ ಸಿಗುವ ಈ ಅನುಕೂಲ ಕುಗ್ಗುತ್ತದೆ, ಕೆರಳಿದ ದೇಹ ಶಾಂತವಾಗಲು ಹೆಚ್ಚು ಹೊತ್ತು ಬೇಕಾಗುತ್ತದೆ ಎಂದು ಸೂಸನ್ ಚಾರ್ಲ್ಸ್ 2010ರಲ್ಲಿ ವಾದಿಸಿದರು. ಹೊರನಾಡ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಊರ ಮನೆಗೆ ಬೀಗ ಹಾಕಿ, ಮುಂಬಯಿಯಲ್ಲೋ ದೆಹಲಿಯಲ್ಲೋ ಇರುವ ಮಗನ ಫ್ಲ್ಯಾಟಿಗೆ ಬಂದ ತಾಯಿಯ ಆಪ್ತವಲಯ ಆಕೆ ತಾನಾಗಿ ಕಿರಿದು ಮಾಡಿಕೊಂಡದ್ದಲ್ಲ. ನೆರೆಯವರ ಭಾಷೆ ಬೇರೆ, ಮೊಮ್ಮಕ್ಕಳ ಮಾತೂ ಅರ್ಧ ಬೇರೆ. ಮುಂಬಯಿಯ ಸಂಘಗಳ ಸಭಾಂಗಣಗಳಲ್ಲಿ ತಾಳಮದ್ದಳೆ ನಡೆದಾಗ ಕಿವಿಗೊಟ್ಟು ಕುಳಿತ ಹಿರಿಯರನ್ನು ಕಂಡು ಭರತನ ಮಾತು ನಿಜವೆನ್ನಬಹುದು. ಆದರೆ ಅವರು ಅಲ್ಲಿಗೆ ಬಂದದ್ದು ಪುರಾಣಕ್ಕಾಗಿಯೋ, ಪಕ್ಕದ ಕುರ್ಚಿಯಲ್ಲಿ ಊರಿನ ಮಾತನಾಡುವವರು ಸಿಗುತ್ತಾರೆಂದೋ ಎಂಬುದನ್ನು ಅವರನ್ನೇ ಕೇಳಬೇಕು.