ಒಂದು ವಾರ ಅಕ್ಕನ ಸಾಲಿಯಲ್ಲಿ

‘ನಿನಗೇನಕ್ಕಾ, ಸಂಜಿಗೆ ಗಂಟಿ ಹೊಡದ್ರ ಮುಗೀತು. ದಸರಾ ಸೂಟಿ, ಬ್ಯಾಸಗಿ ಸೂಟಿ ಬ್ಯಾರೆ.’

ಪುಣೆಯ ಹಿಂಜವಡಿಯಲ್ಲಿ ಕ್ಯಾಬ್‌ಗೆ ಕಾಯುತ್ತ ನಾನು ಫೋನಿನಲ್ಲಿ ಆಡಿದ ಮಾತಿದು. ರಾತ್ರಿ ಹತ್ತು ಗಂಟೆ. ಅಮೆರಿಕದ ಕ್ಲೈಂಟ್ ಜತೆಗಿನ ಕಾಲ್ ಆಗಷ್ಟೇ ಮುಗಿದಿತ್ತು, ತಲೆ ಕಾದಿತ್ತು. ಅಕ್ಕ ಗದಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಹನ್ನೆರಡು ವರ್ಷಗಳಿಂದ ಶಿಕ್ಷಕಿ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಒಂದು ವಾರ ನಮ್ಮ ಸಾಲಿಗೆ ಬಂದು ಕುಂಡ್ರು ತಮ್ಮಾ, ಆಮ್ಯಾಲೆ ಮಾತಾಡು’ ಎಂದು ಫೋನ್ ಇಟ್ಟಳು.

ಡಿಸೆಂಬರ್‌ನಲ್ಲಿ ರಜೆ ಉಳಿದಿತ್ತು. ತೆಗೆದುಕೊಳ್ಳದಿದ್ದರೆ ವರ್ಷದ ಕೊನೆಗೆ ಹೋಗಿಬಿಡುತ್ತದೆ. ರಾತ್ರಿ ಬಸ್ಸು ಹತ್ತಿದೆ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಅಕ್ಕನ ಶಾಲೆಯಲ್ಲಿ 47 ಮಕ್ಕಳು, ಇಬ್ಬರು ಶಿಕ್ಷಕರು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆದರೆ ತರಗತಿಗಳು ಐದು. ಒಂದರಿಂದ ಮೂರನೇ ತರಗತಿಯವರು ಅಕ್ಕನ ನಲಿ-ಕಲಿ ಕೋಣೆಯಲ್ಲಿ, ನಾಲ್ಕು ಮತ್ತು ಐದು ಹೆಡ್ ಮಾಸ್ತರರ ಕೋಣೆಯಲ್ಲಿ. ನಲಿ-ಕಲಿಯಲ್ಲಿ ಮಕ್ಕಳು ತರಗತಿಯ ಪ್ರಕಾರ ಕೂರುವುದಿಲ್ಲ. ಐದು ತಟ್ಟೆಗಳು: ಟೀಚರ್ ಪೂರ್ತಿ ನೆರವು ಬೇಕಾದವರು ಒಂದರಲ್ಲಿ, ತಾವೇ ಕಲಿಯುವವರು ಇನ್ನೊಂದರಲ್ಲಿ, ಉಳಿದವರು ನಡುವೆ. ಒಂದೇ ಕೋಣೆಯಲ್ಲಿ ಒಂದು ಮಗು ‘ರ, ಗ, ಸ’ ತಿದ್ದುತ್ತಿದ್ದರೆ, ಪಕ್ಕದಲ್ಲಿ ಇನ್ನೊಂದು ಕಥೆ ಓದುತ್ತಿರುತ್ತದೆ. ಯಾವ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದು ಅಕ್ಕನ ತಲೆಯಲ್ಲಿರಬೇಕು. ನಾವು ಇಂಥದ್ದಕ್ಕೆ ಡ್ಯಾಶ್‌ಬೋರ್ಡ್ ಕಟ್ಟಿ ಕ್ಲೈಂಟ್‌ಗೆ ಬಿಲ್ ಕಳಿಸುತ್ತೇವೆ.

ಪಾಠ ಕೆಲಸದ ಒಂದು ಭಾಗ ಮಾತ್ರ. 2002ರಲ್ಲಿ ಅಕ್ಷರ ದಾಸೋಹ, 2013ರಲ್ಲಿ ಕ್ಷೀರಭಾಗ್ಯ ಶುರುವಾದವು. ಎರಡೂ ಮಕ್ಕಳಿಗೆ ಬೇಕೇಬೇಕಾದವು, ಅದರಲ್ಲಿ ಅಕ್ಕನಿಗೂ ಅನುಮಾನವಿಲ್ಲ. ಆದರೆ ಅಕ್ಕಿ, ಬೇಳೆ, ಹಾಲಿನ ಪುಡಿ, ಮೊಟ್ಟೆಯ ಲೆಕ್ಕ ಬರೆಯುವವರು, ಬಡಿಸುವ ಮುನ್ನ ಊಟದ ರುಚಿ ನೋಡುವವರು ಶಿಕ್ಷಕರೇ. ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಈ ‘ಬಿಟ್ಟು’ ಎಂಬುದರಲ್ಲೇ ಎಷ್ಟು ಕೆಲಸ ಹಿಡಿಸುತ್ತದೆ ಎಂಬುದು ಅಕ್ಕನ ಚೀಲದಲ್ಲಿದ್ದ ಮತದಾರರ ಪಟ್ಟಿ ನೋಡಿ ತಿಳಿಯಿತು.

ರಾತ್ರಿ ಊಟವಾದ ಮೇಲೆ ಮೊಬೈಲ್‌ನಲ್ಲಿ ಮಕ್ಕಳ ಮಾಹಿತಿ ತುಂಬುವ ಕೆಲಸ. ಆಧಾರ್‌ನಲ್ಲಿ ಹೆಸರು ಒಂದು ಬಗೆ, ದಾಖಲಾತಿ ಪುಸ್ತಕದಲ್ಲಿ ಇನ್ನೊಂದು ಬಗೆ. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ. ನಾನೂ ಇಂಥ ಫಾರ್ಮ್‌ಗಳನ್ನು ಮಾಡಿದವನೇ. ಖಾಲಿ ಬಿಡಬಾರದ ಜಾಗಕ್ಕೆ ಕೆಂಪು ನಕ್ಷತ್ರ ಹಾಕಲು ನನಗೆ ಅರ್ಧ ನಿಮಿಷ ಸಾಕು. ಆ ಒಂದೊಂದು ನಕ್ಷತ್ರಕ್ಕೂ ಯಾರೋ ಒಬ್ಬರು ಹೊಲದಲ್ಲಿರುವ ಅಪ್ಪನಿಗೆ ಮೂರು ಸಲ ಫೋನ್ ಮಾಡಬೇಕಾಗುತ್ತದೆ ಎಂದು ಅಂದೇ ನೋಡಿದ್ದು.

ಮಂಗಳವಾರ ಹೆಡ್ ಮಾಸ್ತರರಿಗೆ ತಾಲ್ಲೂಕಿನಲ್ಲಿ ಮೀಟಿಂಗ್. ‘ನಾಕು-ಐದನೇತ್ತಾ ನೀ ನೋಡ್ಕೊ’ ಎಂದಳು ಅಕ್ಕ. ಎಂ.ಟೆಕ್ ಮಾಡಿದವನಿಗೆ ಭಾಗಾಕಾರ ಯಾವ ಮಹಾ ಎಂದು ಸೀಮೆಸುಣ್ಣ ಹಿಡಿದೆ. ಹದಿನೇಳನ್ನು ಐದರಿಂದ ಭಾಗಿಸಿ ತೋರಿಸಿ, ‘ತಿಳೀತಾ?’ ಎಂದೆ. ‘ತಿಳೀತ್ರೀ ಸರ್!’ ಎಂದು ಕೋಣೆಯೇ ಕೂಗಿತು. ಇನ್ನೊಂದು ಲೆಕ್ಕ ಕೊಟ್ಟೆ. ಮಾಡಿದವರು ಇಬ್ಬರು. ಹಿಂದೆ ಕೂತಿದ್ದ ನಾಲ್ಕನೇ ತರಗತಿಯ ಹುಡುಗಿ, ನಾನು ಬೋರ್ಡಿನ ಮೇಲೆ ತಪ್ಪಿ ಬರೆದು ಹೊಡೆದು ಹಾಕಿದ್ದನ್ನೂ ಸೇರಿಸಿ ಎಲ್ಲವನ್ನೂ ದುಂಡಗೆ ನಕಲು ಮಾಡಿಕೊಂಡಿದ್ದಳು.

ಕೋಡ್ ತಪ್ಪಿದ್ದರೆ ಪರದೆಯ ಮೇಲೆ ಎರರ್ ಬರುತ್ತದೆ. ಮಗುವಿಗೆ ತಿಳಿಯದಿದ್ದರೆ ಏನೂ ಬರುವುದಿಲ್ಲ. ಅದು ಸುಮ್ಮನೆ ತಲೆ ಅಲ್ಲಾಡಿಸುತ್ತದೆ.

ಊಟದ ನಂತರ ಅಕ್ಕ ಬಂದು ಆ ಹುಡುಗಿಯ ಮುಂದೆ ಹದಿನೇಳು ಹುಣಸೆ ಬೀಜ ಸುರಿದಳು. ‘ಐದು ಮಂದಿಗೆ ಸಮ ಹಂಚು.’ ಹುಡುಗಿ ಹಂಚಿದಳು. ‘ಎರಡು ಉಳದ್ವು ರೀ ಟೀಚರ್. ಇವನ್ನ ಯಾರಿಗೆ ಕೊಡ್ಲಿ?’

‘ಯಾರಿಗೂ ಕೊಡಬ್ಯಾಡ. ಅದಕ್ಕ ಶೇಷ ಅಂತಾರ.’

ಅವಳ ಮುಖ ಅರಳಿದ್ದನ್ನು ಕಂಡೆ. ಎರಡು ದಿನ ಕಳೆದು, ಗುರುವಾರ, ಅದೇ ಹುಡುಗಿ ಬಂದು ‘ನಾವು ಗೋವಾಕ್ಕ ಹೊಂಟೀವ್ರಿ’ ಎಂದಳು.

ಅಂದು ಅಕ್ಕ ಐದರ ಬಸ್ಸು ಬಿಟ್ಟಳು. ಹುಡುಗಿಯ ಮನೆಗೆ ನಡೆದೆವು. ಜಗುಲಿಯ ಮೇಲೆ ಪಾತ್ರೆ, ಹಾಸಿಗೆ ಗಂಟು ಕಟ್ಟಿ ಇಟ್ಟಿದ್ದರು. ಅಪ್ಪ, ಅವ್ವ ಇಬ್ಬರಿಗೂ ಅಲ್ಲಿ ಕಟ್ಟಡದ ಕೆಲಸ. ‘ಸಣ್ಣ ಕೂಸು ನೋಡ್ಕೊಳ್ಳಾಕ ಯಾರದಾರ್ರೀ ಟೀಚರ್?’ ಎಂದರು ಅಪ್ಪ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಅಕ್ಕ ಭಾಷಣ ಮಾಡಲಿಲ್ಲ. ಅಜ್ಜಿಯ ಪಕ್ಕ ಕೂತು ಅವರ ಮೊಣಕಾಲು ನೋವಿನಿಂದ ಶುರುಮಾಡಿ, ‘ಮಾರ್ಚ್ ಪರೀಕ್ಷಾ ತನಕ ನಿಮ್ಮ ಹತ್ರ ಇಟ್ಕೊಳ್ರಿ ಯವ್ವಾ, ಮಧ್ಯಾಹ್ನದ ಊಟ ಸಾಲ್ಯಾಗ ಆಗತೈತಿ’ ಎನ್ನುವಷ್ಟರಲ್ಲಿ ಕತ್ತಲಾಗಿತ್ತು. ‘ನೋಡೋಣ್ರಿ’ ಎಂದರು ಅಪ್ಪ. ಅಷ್ಟೇ.

ಬಸ್ಸಿನಲ್ಲಿ ಕೇಳಿದೆ, ‘ದಿನಾ ಹಿಂಗ ಏನಕ್ಕಾ?’

‘ದಿನಾ ಇಲ್ಲ. ಮಂದಿ ಗುಳೆ ಹೋಗೂ ಕಾಲದಾಗ.’

ನಾನೂ ದುಡಿಯಲೆಂದು ಊರು ಬಿಟ್ಟವನೇ. ಈ ಅಂಕಣ ಓದುವ ನೀವೂ ಅಷ್ಟೇ. ನಾವು ಹೊರಟಾಗ ನಮ್ಮ ಕೈಯಲ್ಲಿ ಡಿಗ್ರಿ ಇತ್ತು. ಆ ಹುಡುಗಿ ಹೊರಟರೆ ಅವಳ ಕೈಯಲ್ಲಿರುವುದು ಅರ್ಧ ಕಲಿತ ಭಾಗಾಕಾರ.

ಜನವರಿಯಲ್ಲಿ ಅಕ್ಕನ ಮೆಸೇಜ್ ಬಂತು. ಕೂಸನ್ನು ನೋಡಿಕೊಳ್ಳಲು ಚಿಕ್ಕಮ್ಮ ಜತೆಗೆ ಹೋಗಿದ್ದಾರಂತೆ, ಹುಡುಗಿ ಅಜ್ಜಿಯ ಬಳಿ ಉಳಿದಿದ್ದಾಳಂತೆ. ‘ಮುಂದಿನ ವರ್ಷದ್ದು ಗೊತ್ತಿಲ್ಲ’ ಎಂದೂ ಬರೆದಿದ್ದಳು.

ಅದೇ ವಾರ ಆಫೀಸಿನಲ್ಲಿ ಹೊಸ ಫಾರ್ಮ್ ಒಂದು ನನ್ನ ಕೈಗೆ ಬಂತು. ಕೆಂಪು ನಕ್ಷತ್ರಗಳು ಹದಿನಾಲ್ಕು. ಒಂದೊಂದಕ್ಕೂ ‘ಇದು ಯಾಕೆ ಬೇಕು?’ ಎಂದು ಕೇಳುತ್ತ ಹೋದೆ. ಕೊನೆಗೆ ಐದು ಉಳಿದವು.

ಸಂಜೆ ಅಕ್ಕನಿಗೆ ಫೋನ್ ಮಾಡಿ, ‘ಅವತ್ತು ನಾ ಹಂಗ ಅನ್ನಬಾರದಿತ್ತು’ ಎಂದೆ.

‘ಅದಿರಲಿ ತಮ್ಮಾ, ಯುಗಾದಿಗೆ ಬರೂಮುಂದ ನಮ್ಮ ಹುಡುಗರಿಗೆ ಒಂದು ಡಜನ್ ಸ್ಕೆಚ್ ಪೆನ್ ಪಾಕೀಟು ತಗೊಂಡ್ ಬಾ’ ಎಂದಳು.